ಮನೆತನದ ಮೂಲವೂ ಹಳೆಯ ಪುಸ್ತಕಗಳೂ

‘ಋಷಿಮೂಲ, ನದಿಮೂಲ ಹುಡುಕಬಾರದು’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಋಷಿಗಳ ಮಾತು ಇರಲಿ, ನದಿಗಳ ಮಾತೂ ಇರಲಿ. ಒಕ್ಕಲುತನದ ಒಂದು ಸಾಮಾನ್ಯ ಮನೆತನದ ಮೂಲವನ್ನು ಹುಡುಕಬಾರದೆಂದು ಯಾವ ಹಿರಿಯರೂ ಹೇಳಿಲ್ಲ. ಆದರೂ ನಾವು ಹುಡುಕುವುದಿಲ್ಲ. ಒಂದನೆಯ ಪುಲಕೇಶಿ, ಕೀರ್ತಿವರ್ಮ, ಮಂಗಳೇಶ, ಇಮ್ಮಡಿ ಪುಲಕೇಶಿ ಎಂದು ಬಾದಾಮಿ ಚಾಲುಕ್ಯರ ವಂಶಾವಳಿಯನ್ನು ಪರೀಕ್ಷೆಗಾಗಿ ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲ ನಾವು, ನಮ್ಮ ಮುತ್ತಜ್ಜನ ತಂದೆಯ ಹೆಸರೇನೆಂದು ಯಾರಾದರೂ ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡುತ್ತೇವೆ. ಅರಸರಿಗೆ ಇತಿಹಾಸವುಂಟು, ನಮಗೆಲ್ಲಿಯದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲ. ಹಳೆಯ ಬಾಯಿಮಾತು, ಹಳೆಯ ಕಾಗದ, ಹಳೆಯ ಪುಸ್ತಕ ಈ ಮೂರನ್ನೂ ಪಕ್ಕಪಕ್ಕಕ್ಕಿಟ್ಟು ಓದಿದರೆ ಸಾಮಾನ್ಯ ಮನೆತನವೊಂದು ಇನ್ನೂರು ವರ್ಷ ಹಿಂದಕ್ಕೆ ಹೋಗಬಲ್ಲದು. ಇವುಗಳಲ್ಲಿ ಒಂದನ್ನೇ ನೆಚ್ಚಿದರೆ ದಾರಿ ತಪ್ಪುವ ಸಂಭವವೇ ಹೆಚ್ಚು. ನನಗೆ ತಿಳಿದ ಮಟ್ಟಿಗೆ ಈ ಕೆಲಸದ ಕ್ರಮವನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಭಾಗದಲ್ಲಿ ಈ ಕೆಲಸವು ಬೇರೆಡೆಗಿಂತ ಹೆಚ್ಚು ಅವಸರದ್ದು. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳೂ ಕೃಷ್ಣೆ, ಘಟಪ್ರಭೆಗಳ ದಂಡೆಯ ಅನೇಕ ಹಳ್ಳಿಗಳೂ ಮುಳುಗಿದವು. ಕೆಳಗೆ ನಾರಾಯಣಪುರದ ಜಲಾಶಯದಿಂದ ಹುನಗುಂದ ತಾಲೂಕಿನ ಹೊಳೆಸಾಲಿನ ಊರುಗಳಿಗೂ ಇದೇ ಗತಿಯಾಯಿತು. ಕೂಡಲಸಂಗಮದ ಐಕ್ಯಮಂಟಪಕ್ಕೆ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡರು. ಒಕ್ಕಲು ಮಕ್ಕಳ ಹಗೇವು, ಕಟ್ಟೆ, ತಲಬಾಗಿಲುಗಳಿಗೆ ಅಂಥ ಗೋಡೆಯನ್ನು ಕಟ್ಟುವವರು ಯಾರು? ಬಾಗಲಕೋಟೆ ತಾಲೂಕಿನ ಘಟಪ್ರಭೆಯ ದಂಡೆಯ ಮೇಲಿದ್ದ ನಮ್ಮ ಊರೂ ನೀರಿಗೆ ಹೋಯಿತು. ನಮ್ಮ ಮನೆತನದ ಮೂರು ಕವಲುಗಳು ಮೂರು ಕಡೆಗೆ ಚದುರಿದವು. ಇಂದು ಆ ಮನೆಗಳ ಮಕ್ಕಳು ಒಂದೇ ಬಸ್ಸಿನಲ್ಲಿ ಕುಳಿತರೂ ತಾವು ಅಣ್ಣತಮ್ಮಂದಿರೆಂದು ಅರಿಯರು. ಇಷ್ಟಕ್ಕೇ ಮುಗಿಯಲಿಲ್ಲ. 2010ರಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು ಆಲಮಟ್ಟಿಯಲ್ಲಿ 519.60 ಮೀಟರಿನ ಬದಲು 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿಗೆಯಿತ್ತಿತು. ನೀರು ಅಲ್ಲಿಗೇರಿದಾಗ ಇನ್ನಷ್ಟು ಊರುಗಳು ಏಳಬೇಕಾಗುವುದು. ಪರಿಹಾರದ ಹಣವನ್ನು ವಾರಸುದಾರರಲ್ಲಿ ಹಂಚುವ ಹೊತ್ತಿಗೆ ವಂಶಾವಳಿಯ ಕಾಗದ ಬೇಕೇ ಬೇಕು. ಆಗ ‘ಇವರು ಯಾರ ಪೈಕಿ?’ ಎಂಬ ಪ್ರಶ್ನೆ ಬರಿಯ ಕುತೂಹಲದ ಪ್ರಶ್ನೆಯಾಗಿ ಉಳಿಯದು.

ಮೊದಲು ಬಾಯಿಮಾತನ್ನು ತೆಗೆದುಕೊಳ್ಳೋಣ. ಈ ವಿಷಯದಲ್ಲಿ ನಮ್ಮ ನಾಡು ಬಡವಾಗಿಲ್ಲ. ನಮ್ಮಲ್ಲಿ ಹೆಳವರೆಂಬ ಜನರಿದ್ದಾರೆ. ಎತ್ತಿನ ಮೇಲೆ ಕುಳಿತು, ಕಾಲಿನ ಮೇಲೆ ಕಂಬಳಿ ಹೊದ್ದು, ಸುಗ್ಗಿಯ ನಂತರ ಮನೆಮನೆಗೆ ಬಂದು ಆ ಮನೆತನದ ತಲೆತಲಾಂತರದ ಹೆಸರುಗಳನ್ನು ಹೊಗಳಿ ಹೇಳಿ, ಕಾಳುಕಡಿ, ಬಟ್ಟೆ, ಹಣಗಳನ್ನು ಪಡೆದು ಹೋಗುವುದು ಅವರ ಕುಲವೃತ್ತಿ. ತಮ್ಮ ಮೂಲಪುರುಷನು ಕಾಲಿಲ್ಲದವನೆಂದೂ, ಅವನಿಗೆ ಬಸವಣ್ಣನವರು ಎತ್ತನ್ನು ಕೊಟ್ಟರೆಂದೂ ಅವರ ಐತಿಹ್ಯ. ಎಡ್ಗರ್ ಥರ್ಸ್ಟನ್ ಎಂಬವರು 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಬಳ್ಳಾರಿ ಭಾಗದ ಹೆಳವರನ್ನು ಊರುಗಳ ಚರಿತ್ರೆಯನ್ನು ಕಾಯುವವರೆಂದು ಬಣ್ಣಿಸಿದ್ದಾರೆ. ಈಗ ಎತ್ತಿನ ಬದಲು ಮೋಟಾರ ಸೈಕಲ್ಲಿನ ಮೇಲೆ ಬರುವ ಹೆಳವರೂ ಉಂಟು. ಆದರೆ ಅವರು ತಂದೆ, ಅಜ್ಜಂದಿರಿಂದ ಪಡೆದ ಹೊತ್ತಿಗೆ, ಬಾಯಿಪಾಠಗಳೇ ಇಂದಿಗೂ ಅವರ ಬಂಡವಾಳ.

ನಮ್ಮ ಮನೆತನದ ಅಡ್ಡಹೆಸರು ಇಳಕಲ್ಲ. ಅಡ್ಡಹೆಸರು ಕೂಡ ಒಂದು ದಾಖಲೆಯೇ. ಗೌಡ, ಪಾಟೀಲ, ಕುಲಕರ್ಣಿ, ಬಡಿಗೇರ, ಪತ್ತಾರ ಮೊದಲಾದವು ವತನವನ್ನೋ ಕಸುಬನ್ನೋ ಹೇಳುತ್ತವೆ. ಹೊಸಮನಿ, ಹಳೇಮನಿ ಎಂಬವು ಮನೆಯನ್ನು ಹೇಳುತ್ತವೆ. ಊರಿನ ಹೆಸರೇ ಅಡ್ಡಹೆಸರಾಗಿದ್ದರೆ ಅದರಲ್ಲಿ ಒಂದು ವಲಸೆಯ ಕಥೆ ಅಡಗಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಇಳಕಲ್ಲಿನಲ್ಲಿಯೇ ಇರುವವನನ್ನು ‘ಇಳಕಲ್ಲದವ’ ಎಂದು ಯಾರು ಕರೆಯುವರು? ಅಲ್ಲಿ ಎಲ್ಲರೂ ಇಳಕಲ್ಲದವರೇ. ಊರು ಬಿಟ್ಟು ಬೇರೆ ಊರಿಗೆ ಬಂದವನಿಗೆ ಮಾತ್ರ ಆ ಹೆಸರು ಅಂಟಿಕೊಳ್ಳುತ್ತದೆ. ಹಾಗಾದರೆ ನಮ್ಮವರು ಇಳಕಲ್ಲನ್ನು ಬಿಟ್ಟದ್ದು ಯಾವಾಗ, ಏಕೆ?

ಮನೆಯ ಹಿರಿಯರು ‘ದೊಡ್ಡ ಬರದಾಗ ಬಂದವರು’ ಎನ್ನುತ್ತಿದ್ದರು. ದೊಡ್ಡ ಬರವೆಂದರೆ 1876-77ರ ಬರವೆಂದೇ ಎಲ್ಲರ ತಿಳಿವಳಿಕೆ. ಆ ಬರ ನಮ್ಮ ಜಿಲ್ಲೆಯನ್ನು ಎಷ್ಟು ಹಾಳುಮಾಡಿತೆಂದರೆ, 1872 ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿಯ ಜನಸಂಖ್ಯೆ ಏರುವ ಬದಲು ಬಹಳವಾಗಿ ಇಳಿಯಿತು. ಹೆಳವರನ್ನು ಕೇಳಿದಾಗ ಅವರೂ ಬರವೆಂದೇ ಹೇಳಿದರು: ‘ತಮ್ಮಾ, ನಿಮ್ಮ ಹಿರ್ಯಾ ಬರದಾಗ ಹೆಂಡತಿ ಮಕ್ಕಳನ್ನ ಕಟಗೊಂಡು ಹೊಳಿಸಾಲಿಗೆ ಬಂದಾಂವ. ಅವನ ಅಣ್ಣ ಇಳಕಲ್ಲದಾಗೇ ಉಳದ.’ ಆದರೆ ಅವರ ಎಣಿಕೆಯಲ್ಲಿ ಬಂದವನು ನನ್ನಿಂದ ಎಂಟನೆಯ ತಲೆಯವನು. ಒಂದು ತಲೆಗೆ ಇಪ್ಪತ್ತೆಂಟು ವರ್ಷವೆಂದು ಹಿಡಿಯಿರಿ. ಈ ಶತಮಾನದ ಮೊದಲಲ್ಲಿ ಹುಟ್ಟಿದ ನನ್ನಿಂದ ಏಳು ತಲೆ ಹಿಂದಕ್ಕೆ ಹೋದರೆ 196 ವರ್ಷ. ಅಂದರೆ ಅವನು ಹುಟ್ಟಿದ್ದು 1805ರ ಸುಮಾರಿಗೆ ಎಂದಾಗುತ್ತದೆ. ಇಂಥ ಲೆಕ್ಕದಲ್ಲಿ ಇಪ್ಪತ್ತು-ಮೂವತ್ತು ವರ್ಷದ ಹೆಚ್ಚುಕಡಿಮೆ ಇದ್ದೇ ಇರುವುದು. ಆದರೂ 1876ರಲ್ಲಿ ಎಪ್ಪತ್ತು ದಾಟಿದ ಮುದುಕನು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಬಂದನೆಂದರೆ ನಂಬುವುದು ಹೇಗೆ?

ಬಾಯಿಮಾತಿನ ಗಂಟು ಇಲ್ಲಿ ಬಿತ್ತು. ಅದನ್ನು ಬಿಡಿಸಲು ನೆರವಾದದ್ದು ಒಂದು ಹಳೆಯ ಪುಸ್ತಕ. 1884ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಝೆಟಿಯರಿನ 23ನೆಯ ಸಂಪುಟವು ವಿಜಾಪುರ ಜಿಲ್ಲೆಯನ್ನು ಕುರಿತದ್ದು. ಇದರಲ್ಲಿ ಭೂಮಿ, ಬೆಳೆ, ಜನಾಂಗಗಳು, ವ್ಯಾಪಾರ, ಇತಿಹಾಸ, ಕಂದಾಯ ಎಂದು ಪ್ರಕರಣಗಳಿದ್ದು, ಕೊನೆಯಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಮೊದಲಾದ ಸ್ಥಳಗಳ ವಿವರಣೆಯಿದೆ. ಇದರ ಹಳೆಯ ಪ್ರತಿಯನ್ನು ಧಾರವಾಡದ ಒಂದು ಗ್ರಂಥಾಲಯದಲ್ಲಿ ನೋಡಿದೆ. ಹಾಳೆಗಳು ಹಪ್ಪಳದಂತೆ ಮುರಿಯುತ್ತಿದ್ದವು. ಈಗ ಅದೇ ಸಂಪುಟ ಗಣಕಯಂತ್ರದ ಮೇಲೂ ಓದಲು ದೊರೆಯುತ್ತದೆ. ನಮ್ಮ ಜಿಲ್ಲೆಯ ಹಿಂದಿನ ಬರಗಳ ವೃತ್ತಾಂತವನ್ನು ತಿರುವಿ ನೋಡಿದಾಗ 1876ಕ್ಕೆ ಮೊದಲು ಇನ್ನೊಂದು ಮಹಾಕ್ಷಾಮ ಬಂದುಹೋಗಿತ್ತೆಂಬುದು ತಿಳಿಯಿತು. ಅದು 1791-92ರ ಬರ. ಮೂರನೆಯ ಮೈಸೂರು ಯುದ್ಧ ನಡೆದಿದ್ದ ಕಾಲವದು. ಸತ್ತವರನ್ನು ಹೂಳುವವರಿಲ್ಲದೆ ನೆಲದ ಮೇಲೆ ತಲೆಬುರುಡೆಗಳು ಚೆಲ್ಲಿಬಿದ್ದುದರಿಂದ ಜನ ಅದನ್ನು ‘ಡೋಗಿ ಬರ’ವೆಂದು ಕರೆದರು. ಎಂಟನೆಯ ತಲೆಯವನ ಪ್ರಾಯವು ಈ ಬರಕ್ಕೆ ಸಮೀಪವಾಗುತ್ತದೆ; ಮೇಲಿನದಕ್ಕೆ ಅಲ್ಲ.

ಆದರೂ ಊಹೆ ಊಹೆಯೇ. ಮೂರನೆಯದಾದ ಕಾಗದ ಇನ್ನೂ ಮಾತನಾಡಬೇಕಿತ್ತು. ಊರು ಬಿಡುವಾಗ ನಮ್ಮ ಅತ್ತಿಗೆಯವರು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದ ಒಂದು ಗಂಟಿನಲ್ಲಿ ಭೂಕಂದಾಯ ಕಟ್ಟಿದ ಪಾವತಿಯೊಂದಿತ್ತು. ಅದರ ಮೇಲೆ ಫಸಲಿ 1264 ಎಂದಿದೆ. ನಮ್ಮ ಕಡೆಯ ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಅಂದರೆ ಇದು 1854-55ರ ಪಾವತಿ. ಹೊಳೆಸಾಲಿನ ಊರಿನಲ್ಲಿಯೇ, ಹೆಳವರು ಏಳನೆಯ ತಲೆಯೆಂದು ಹೇಳಿದ ಹೆಸರಿನಲ್ಲಿಯೇ ಹೊಲದ ಕಂದಾಯ ಸಂದಿದೆ. 1876ರ ಬರಕ್ಕೆ 22 ವರ್ಷ ಮೊದಲೇ ನಮ್ಮವರು ಅಲ್ಲಿ ಹೊಲಮನೆ ಮಾಡಿಕೊಂಡಿದ್ದರೆಂಬುದಕ್ಕೆ ಇನ್ನು ಸಂಶಯವಿಲ್ಲ. ಡೋಗಿ ಬರವೇ ಎಂದು ಆಣೆಯಿಟ್ಟು ಹೇಳಲಾರೆ. ಆದರೆ ಮೂರು ಸಾಕ್ಷಿಗಳೂ ಅತ್ತಲೇ ಬೆರಳು ಮಾಡುತ್ತವೆ. ಹೆಳವರು ತಲೆಯನ್ನು ಎಣಿಸಿದರು, ಪುಸ್ತಕ ಬರವನ್ನು ತೋರಿಸಿತು, ಪಾವತಿ ಕಾಲದ ಎಲ್ಲೆಯನ್ನು ಗೊತ್ತುಮಾಡಿತು.

ಇಂಥ ಪುಸ್ತಕಗಳಲ್ಲಿ ನಿಮ್ಮ ಅಜ್ಜನ ಹೆಸರು ಸಿಕ್ಕುವುದೆಂದು ತೆರೆದರೆ ನಿರಾಶೆಯಾಗುವುದು. ಅವು ಹೆಸರನ್ನು ಕೊಡುವುದಿಲ್ಲ. ಹೆಸರು ನಿಲ್ಲುವ ನೆಲವನ್ನು ಕೊಡುತ್ತವೆ. ಇದನ್ನು ಸ್ಪಷ್ಟಪಡಿಸಲು ದೂರದ ಒಂದು ನಾಡಿನ ಉದಾಹರಣೆ ಕೊಡುವೆನು. ಮುಂಬಯಿ ಗ್ಯಾಝೆಟಿಯರಿನ ಸಂಪಾದಕರಾದ ಜೇಮ್ಸ್ ಕ್ಯಾಂಪ್‌ಬೆಲ್ಲರು ಸ್ಕಾಟ್ಲಂಡಿನವರು. ಅವರ ನಾಡಿನಲ್ಲಿ ಸರ್ ಜಾನ್ ಸಿಂಕ್ಲೇರ್ ಎಂಬವರು ಒಂದೊಂದು ಪ್ಯಾರಿಷ್ಷಿನ, ಅಂದರೆ ಒಂದೊಂದು ಚರ್ಚಿನ ಸೀಮೆಯ ಪಾದ್ರಿಯಿಂದ ಆ ಸೀಮೆಯ ಹೊಲ, ಗೇಣಿ, ಶಾಲೆ, ಬಡವರು, ಕೂಲಿಗಳ ವಿವರ ತರಿಸಿ 1791ರಿಂದ 1799ರವರೆಗೆ 21 ಸಂಪುಟಗಳನ್ನು ಪ್ರಕಟಿಸಿದರು. ಇಲ್ಲಿ ಡೋಗಿ ಬರ ಬಿದ್ದ ವರ್ಷವೇ ಅಲ್ಲಿ ಆ ಗ್ರಂಥದ ಮೊದಲ ಸಂಪುಟ ಹೊರಟಿತು. ಅಮೇರಿಕೆ, ಕೆನಡಾ, ಆಸ್ಟ್ರೇಲಿಯಗಳಿಗೆ ಹೋಗಿ ನೆಲಸಿದ ಸ್ಕಾಟರ ಮರಿಮೊಮ್ಮಕ್ಕಳು ಇಂದು ತಮ್ಮ ಮೂಲವನ್ನು ಹುಡುಕುವಾಗ ಚರ್ಚಿನ ನಾಮಕರಣ, ಮದುವೆಗಳ ದಾಖಲೆಯಿಂದ ಹೆಸರನ್ನೂ, ಇಂಥ ಸ್ಥಳಚರಿತ್ರೆಯ ಪುಸ್ತಕಗಳಿಂದ ಆ ಹೆಸರಿನವರು ಉಂಡ ಅನ್ನವನ್ನೂ ಉತ್ತ ಹೊಲವನ್ನೂ ತಿಳಿಯುತ್ತಾರೆ. 1855ರಿಂದ ಅಲ್ಲಿ ಜನನ, ಮರಣ, ಮದುವೆಗಳ ಸರಕಾರಿ ನೋಂದಣಿಯೂ ಕಡ್ಡಾಯವಾಯಿತು. ಅಲ್ಲಿ ಚರ್ಚಿನ ದಾಖಲೆ ಮಾಡುವ ಕೆಲಸವನ್ನು ಇಲ್ಲಿ ಹೆಳವರು ಮಾಡಿದ್ದಾರೆ. ಸಿಂಕ್ಲೇರರ ಸಂಪುಟಗಳ ಕೆಲಸವನ್ನು ಗ್ಯಾಝೆಟಿಯರು ಮಾಡಿದೆ. ಅಲ್ಲಿಯವರು ಕಲಿತ ಇನ್ನೊಂದು ಪಾಠವೂ ನಮಗೆ ಬೇಕು. ಒಡೆಯನ ಕುಲದ ಹೆಸರನ್ನು ಅವನ ಒಕ್ಕಲುಗಳೂ ಇಟ್ಟುಕೊಳ್ಳುತ್ತಿದ್ದುದರಿಂದ ಅಲ್ಲಿ ಕ್ಯಾಂಪ್‌ಬೆಲ್ ಎಂಬ ಹೆಸರಿನವರೆಲ್ಲರೂ ಒಂದೇ ರಕ್ತದವರಲ್ಲ. ನಮ್ಮಲ್ಲಿಯೂ ಪಾಟೀಲರೆಲ್ಲ ಒಂದೇ ಮನೆತನದವರಲ್ಲ. ಹೆಸರು ಕೂಡಿದ ಮಾತ್ರಕ್ಕೆ ವಂಶ ಕೂಡದು.

ಶಾಸನಗಳ ವಿಷಯದಲ್ಲಿ ಇದನ್ನು ಇನ್ನೂ ಹೆಚ್ಚಾಗಿ ನೆನಪಿಡಬೇಕು. ಎಡಿನ್‌ಬರೋದಲ್ಲಿ ಹುಟ್ಟಿದ ವಾಲ್ಟರ್ ಎಲಿಯಟ್ಟರು ಧಾರವಾಡದ ಕಡೆ ಅಧಿಕಾರಿಯಾಗಿದ್ದಾಗ ನಮ್ಮ ಭಾಗದ 595 ಶಾಸನಗಳನ್ನು ಪ್ರತಿಮಾಡಿಸಿದರು. ಆ ಕೈಬರಹದ ಒಂದು ಪ್ರತಿ ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಯಿತು. ಮುಂದೆ ಫ್ಲೀಟರು ಅನೇಕ ಶಾಸನಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ್ದಲ್ಲದೆ, ಹಲಗಲಿ ಬೇಡರ ಮತ್ತು ಸಂಗೊಳ್ಳಿ ರಾಯಣ್ಣನ ಲಾವಣಿಗಳನ್ನೂ ಅದರಲ್ಲಿ ಅಚ್ಚುಹಾಕಿಸಿದರು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರು 1941ರಿಂದ ಕರ್ನಾಟಕ ಶಾಸನಗಳ ಸಂಪುಟಗಳನ್ನು ಹೊರತಂದರು. ಇವುಗಳಲ್ಲಿ ನಿಮ್ಮ ಊರು ಇರಬಹುದು. ಆದರೆ ಹಳೆಯ ಹೆಸರಿನಿಂದ ಹುಡುಕಬೇಕು: ಹುನಗುಂದವು ಪೊನ್ನುಗುಂದ, ಬಾಗಲಕೋಟೆಯು ಬಾಗಡಗೆ, ಐಹೊಳೆಯು ಅಯ್ಯಾವೊಳೆ, ಬಾದಾಮಿಯು ವಾತಾಪಿ. ಶಾಸನದಲ್ಲಿ ನಿಮ್ಮ ಊರಿನ ಗಾವುಂಡನೊಬ್ಬನು ದಾನ ಕೊಟ್ಟನೆಂದಿದ್ದರೆ ಅವನು ನಿಮ್ಮ ಊರಿನ ಹಿರಿಯನೆಂದು ಹೆಮ್ಮೆಪಡಬಹುದು. ನಿಮ್ಮ ಮನೆಯ ಹಿರಿಯನೆಂದು ಹೇಳಲು ನಡುವಿನ ಎಂಟು-ಒಂಬತ್ತು ನೂರು ವರ್ಷಗಳ ಕೊಂಡಿ ಬೇಕು. ಇಳಕಲ್ಲ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುತ್ತಾರಲ್ಲವೆ? ಒಂದು ಕೊಂಡಿ ತಪ್ಪಿದರೂ ಅದು ಕಣ್ಣಿಗೆ ಬೀಳುತ್ತದೆ. ವಂಶಾವಳಿಗೂ ಅದೇ ಕಟ್ಟುನಿಟ್ಟು ಇರತಕ್ಕದ್ದು.

ಹುಡುಕುವವರಿಗೆ ಉಪಯೋಗವಾಗುವ ಕೆಲವು ವ್ಯಾವಹಾರಿಕ ಸಂಗತಿಗಳಿವೆ. ಮೊದಲನೆಯದು ಜಿಲ್ಲೆಯ ಹೆಸರು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ವಿಜಾಪುರ ಜಿಲ್ಲೆ. 1885ರಲ್ಲಿ ಮುಖ್ಯ ಠಾಣೆ ವಿಜಾಪುರಕ್ಕೆ ಹೋಗುವ ಮೊದಲು ಕಲಾದಗಿ ಜಿಲ್ಲೆ. 1864ಕ್ಕೂ ಹಿಂದೆ ನಮ್ಮ ಭಾಗ ಬೆಳಗಾವಿಗೆ ಸೇರಿತ್ತು. ಆದ್ದರಿಂದ 1850ರ ಕಾಗದವನ್ನು ‘ಬಾಗಲಕೋಟೆ ಜಿಲ್ಲೆ’ ಎಂದು ಹುಡುಕಿದರೆ ಏನೂ ಸಿಗದು. 1956ರ ನವೆಂಬರ 1ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಎಷ್ಟೋ ಹಳೆಯ ದಫ್ತರಗಳು ಪುಣೆ, ಮುಂಬಯಿಗಳಲ್ಲಿವೆ, ಕೆಲವು ಮೋಡಿ ಲಿಪಿಯಲ್ಲಿವೆ. ಇನಾಮು ಭೂಮಿಯಿದ್ದ ಮನೆತನಗಳು 1852ರ ಕಾಯದೆಯ ಮೇರೆಗೆ ನಡೆದ ಇನಾಮು ವಿಚಾರಣೆಯಲ್ಲಿ ತಮ್ಮ ಹಕ್ಕು ಸ್ಥಾಪಿಸಲು ವಂಶದ ವಿವರ ಕೊಡಬೇಕಾಗಿತ್ತು. ಇನಾಮು ಇಲ್ಲದ ಒಕ್ಕಲು ಮಕ್ಕಳಿಗೆ 1903ರ ಕಾಯದೆಯಿಂದ ಆರಂಭವಾದ ಹಕ್ಕುದಾಖಲೆಯೇ ಆಧಾರ. ತಾಲೂಕು ಕಚೇರಿಯಲ್ಲಿ ಕೇಳಬೇಕಾದದ್ದು ಇಂದಿನ ಯಂತ್ರದ ಪಹಣಿಯನ್ನಲ್ಲ, ಹಳೆಯ ಕೈಬರಹದ ಉತಾರವನ್ನು ಮತ್ತು ವಾರಸಾ ನೋಂದಿಸಿದ ಡೈರಿಯನ್ನು.

ಎರಡನೆಯದು ಕಾಲಗಣನೆ. ಶಕವರ್ಷಕ್ಕೆ 78 ಕೂಡಿಸಬೇಕು. ಬಾದಾಮಿಯ ಮೂರನೆಯ ಗುಹೆಯ ಮಂಗಳೇಶನ ಶಾಸನದ ಶಕ 500 ಎಂದರೆ ಕ್ರಿ.ಶ. 578. ಸಂವತ್ಸರದ ಹೆಸರೊಂದೇ ಇದ್ದರೆ ಎಚ್ಚರಿಕೆ ಬೇಕು. ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ‘ಧಾತು ಸಂವತ್ಸರದಾಗ ಹುಟ್ಟಿದಾಂವ’ ಎಂದರೆ 1816 ಆಗಬಹುದು, 1876 ಆಗಬಹುದು, 1936 ಆಗಬಹುದು. ಮೂರನೆಯದು, ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ರೂಢಿ. ಬಸಪ್ಪನ ಮಗ ಸಂಗಪ್ಪ, ಸಂಗಪ್ಪನ ಮಗ ಬಸಪ್ಪ, ಮತ್ತೆ ಅವನ ಮಗ ಸಂಗಪ್ಪ ಎಂದು ಸಾಲು ಸಾಗುವಾಗ ಎರಡು ತಲೆಗಳು ಹಾರಿಹೋದರೂ ಗೊತ್ತಾಗುವುದಿಲ್ಲ. ಇದಕ್ಕೆ ಒಂದೇ ಉಪಾಯ, ಹೆಂಡಿರ ಹೆಸರನ್ನೂ ತವರೂರನ್ನೂ ಕೇಳುವುದು.

ಈ ಮಾತು ನನ್ನನ್ನು ಇನ್ನೊಂದು ವಿಚಾರಕ್ಕೆ ತರುತ್ತದೆ. ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿಯರ ಹೆಸರುಗಳು ಪಟ್ಟದಕಲ್ಲಿನ ಗುಡಿಗಳಿಂದಾಗಿ ಸಾವಿರದ ಇನ್ನೂರು ವರ್ಷಕ್ಕೂ ಮಿಕ್ಕಿ ಉಳಿದುಬಂದಿವೆ. ನಮ್ಮ ಮುತ್ತಜ್ಜಿಯ ತಾಯಿಯ ಹೆಸರು ಉತಾರದಲ್ಲಿಲ್ಲ, ಪಾವತಿಯಲ್ಲಿಲ್ಲ, ಗ್ಯಾಝೆಟಿಯರಿನಲ್ಲಂತೂ ಇಲ್ಲವೇ ಇಲ್ಲ. ಅದು ನನಗೆ ದೊರೆತದ್ದು ಅಡಿಗೆಮನೆಯಲ್ಲಿ. ಒಂದು ತಾಮ್ರದ ಕೊಡದ ಕಂಠದ ಮೇಲೆ ಅವಳ ಹೆಸರೂ ತವರೂರಿನ ಹೆಸರೂ ಚುಕ್ಕೆಯ ಅಕ್ಷರಗಳಲ್ಲಿವೆ. ಮದುವೆಯಲ್ಲಿ ತವರಿನವರು ಕೊಟ್ಟ ಕೊಡವದು. ಅದನ್ನು ಓದಿದ ಮೇಲೆ ಮನೆಯಲ್ಲಿದ್ದ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನೆಲ್ಲ ತಿರುವಿ ನೋಡಿದೆ. ನಾಲ್ವರು ಹೆಣ್ಣುಮಕ್ಕಳ ಹೆಸರು ಸಿಕ್ಕವು. ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕಿ ಹೊಸ ಸ್ಟೀಲಿನ ಪಾತ್ರೆ ತರುವ ಮೊದಲು ಅವುಗಳ ಕಂಠವನ್ನೊಮ್ಮೆ ಓದಬೇಕೆಂದು ಎಲ್ಲರಲ್ಲಿಯೂ ನನ್ನ ವಿನಂತಿ.

ಹಳೆಯ ಪುಸ್ತಕಗಳನ್ನು ವೇದವಾಕ್ಯವೆಂದು ನಂಬಲೂ ಬಾರದು. ಅವನ್ನು ಬರೆಯಿಸಿದವರು ಆಳುವವರು. ಕೆಲವು ಜನಾಂಗಗಳನ್ನು ಒಂದೇ ಮಾತಿನಲ್ಲಿ ಸೋಮಾರಿಗಳೆಂದೋ ಕಳ್ಳರೆಂದೋ ಅವರು ಬರೆದುಬಿಟ್ಟದ್ದುಂಟು. ಅಂಥ ಮಾತನ್ನು ಓದಿದಾಗ ಅದು ಬರೆದವರ ಕಣ್ಣಿನ ವಿಷಯವನ್ನು ತಿಳಿಸುತ್ತದೆಯೇ ಹೊರತು ನಮ್ಮ ಹಿರಿಯರ ಗುಣವನ್ನಲ್ಲ. ಮಳೆ ಎಷ್ಟಾಯಿತು, ಜೋಳ ಯಾವ ಧಾರಣೆಗೆ ಮಾರಿತು, ಸಂತೆ ಎಲ್ಲಿ ನೆರೆಯುತ್ತಿತ್ತು ಎಂಬಂಥ ಸಂಗತಿಗಳನ್ನು ತೆಗೆದುಕೊಳ್ಳಬೇಕು. ತೀರ್ಪುಗಳನ್ನು ಅಲ್ಲಿಯೇ ಬಿಡಬೇಕು. ಅದರಂತೆ ಹೆಳವರ ಹೊಗಳಿಕೆಯಲ್ಲಿ ಪ್ರತಿಯೊಬ್ಬ ಹಿರಿಯನೂ ಶೂರನೂ ದಾನಿಯೂ ಆಗಿರುತ್ತಾನೆ. ಹೊಗಳಿಕೆಯನ್ನು ಸಂತೋಷದಿಂದ ಕೇಳೋಣ. ಬರೆದಿಟ್ಟುಕೊಳ್ಳಬೇಕಾದದ್ದು ಹೆಸರು, ಊರು, ಸಂಬಂಧಗಳನ್ನು.

ನಮ್ಮ ಹೆಳವರು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಊರುಗಳು ಎದ್ದುಹೋದ ಮೇಲೆ ಅವರು ಹಳೆಯ ದಾರಿಯಲ್ಲಿಯೇ ಬಂದರಂತೆ. ದಾರಿ ನೀರಿನಲ್ಲಿ ಇಳಿದುಹೋಗಿತ್ತು. ಯಾವ ಮನೆ ಯಾವ ಕೇಂದ್ರಕ್ಕೆ ಹೋಯಿತೆಂದು ಕೇಳುತ್ತ ತಿರುಗುವುದರಲ್ಲಿಯೇ ಎರಡು ಸುಗ್ಗಿಗಳು ಕಳೆದವು. ಕೆಲವು ಮನೆಗಳು ಇಂದಿಗೂ ಅವರಿಗೆ ಸಿಕ್ಕಿಲ್ಲ. ಅವರ ಮಕ್ಕಳಲ್ಲಿ ಈ ವೃತ್ತಿಯನ್ನು ಹಿಡಿದವರು ಕಡಿಮೆ. ಅವರ ನೆನಪು ನಿಂತರೆ ನಮ್ಮ ಎಷ್ಟೋ ಮನೆತನಗಳ ಹೆಸರುಗಳು ಅಲ್ಲಿಗೇ ನಿಲ್ಲುವವು.

ಆದುದರಿಂದ ಸಹಪಾಠಿಗಳಲ್ಲಿ ಒಂದು ಸೂಚನೆ ಮಾಡಬಯಸುತ್ತೇನೆ. ಬರುವ ರಜೆಯಲ್ಲಿ ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ನೋಟುಬುಕ್ಕನ್ನು ಹಿಡಿದು ತಮ್ಮ ಮನೆಯ ಅತಿ ಹಿರಿಯರ ಬಳಿ ಕುಳಿತುಕೊಳ್ಳಲಿ. ಗಂಡುಹೆಣ್ಣು ಎರಡೂ ಕಡೆಯ ಹೆಸರುಗಳನ್ನು, ಬಿಟ್ಟುಬಂದ ಊರನ್ನು, ಬೆಡಗನ್ನು, ಮನೆದೇವರನ್ನು, ನೆನಪಿನಲ್ಲಿರುವ ಬರ-ಬೇನೆಗಳನ್ನು ಬರೆದುಕೊಳ್ಳಲಿ. ಉತಾರ, ಪಾವತಿ, ಪಾತ್ರೆಗಳ ಬರಹವನ್ನು ಪ್ರತಿಮಾಡಿಕೊಳ್ಳಲಿ. ಅನಂತರ ಗ್ರಂಥಾಲಯಕ್ಕೆ ಬಂದು ಗ್ಯಾಝೆಟಿಯರನ್ನೂ ಶಾಸನ ಸಂಪುಟಗಳನ್ನೂ ತೆರೆದು ತಾಳೆ ನೋಡಲಿ. ಇತಿಹಾಸ ವಿಭಾಗದ ಅಧ್ಯಾಪಕರು ಒಪ್ಪಿದರೆ ಆ ನೋಟುಬುಕ್ಕುಗಳ ಒಂದೊಂದು ಪ್ರತಿಯನ್ನು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಊರಿನ ಹೆಸರಿನ ಮೇಲೆ ಇಡಬಹುದು. ಹೆಳವರು ಬಂದಾಗ ಅವರಿಗೂ ಅದನ್ನು ಓದಿ ಹೇಳಬಹುದು. ಅವರಿಗೆ ಸಿಗದ ಮನೆಗಳ ವಿಳಾಸ ಅದರಲ್ಲಿ ಸಿಕ್ಕೀತು.